ಕೆಳಗಿನ ಖಾನೆ

ಗೈರಾದಲ್ಲಿ ಆಗಸ್ಟ್ ಎಂದರೆ ಚಳಿ, ಕುರಿ ಈಯುವ ಕಾಲ.
ನಲ್ಲಿಯ ನೀರು ಹತ್ತು ಗಂಟೆಯವರೆಗೂ ಕಲ್ಲು.
ಬೂಟಿಗಂಟಿದ ಹಿಮ ಒದರಿ ಒಬ್ಬೊಬ್ಬರೇ ಬರುತ್ತಾರೆ,
ಬೇಲಿತಂತಿ, ಮೊಳೆ, ಜಂತುಹುಳದ ಔಷಧಿ ಕೇಳಿ
ಆಮೇಲೆ ದನಿ ತಗ್ಗಿಸಿ, ಸಾಲ ಕೇಳುವವರ ಹಾಗೆ:
"ಸೀಟಿ ಯಾವ್ಯಾವುದಿದೆ, ಮರ್ವ್?"

ಇವತ್ತು ಲೈಲ್ ಹಾರ್ಟಿಗನ್. ರಾತ್ರಿ ಏಳು ಮರಿ ಹೋದವಂತೆ.
ಎರಡರದ್ದು ನಾಲಿಗೆ ಮಾತ್ರ ತಿಂದು ಬಿಟ್ಟಿದೆ.
ಹೇಳುವಾಗ ಅವನು ತನ್ನ ಬಾಯಿ ಒರೆಸಿಕೊಂಡ.

ಗಾಜಿನ ಕೆಳಗೆ ಸಾಲಾಗಿ ಇಟ್ಟಿದ್ದೇನೆ.
ಇದು ತಗಡಿನದು: ಡಬ್ಬಿಯ ಮುಚ್ಚಳ ಮಡಚಿ ನಡುವೆ ತೂತು.
ಹಲ್ಲಿನ ಹಿಂದೆ, ನಾಲಿಗೆಯ ಮೇಲೆ ಕೂರಿಸಿ
ಉಸಿರು ಒಳಕ್ಕೆಳೆದರೆ ಮೊಲ, ಉರುಲಿಗೆ ಬಿದ್ದ ಮೊಲ.
ಕಲಿಯಲು ಒಂದು ವಾರ. ನುಂಗಿದವರೂ ಇದ್ದಾರೆ.
ಇದು ಮರದ್ದು, ಒಳಗೆ ಹಿತ್ತಾಳೆಯ ನಾಲಿಗೆ: ದೊಡ್ಡ ಕಾಡುಮೊಲ,
ಗಾಳಿಯಿದ್ದ ದಿನವೂ ಎರಡು ದಿಣ್ಣೆ ದಾಟುತ್ತದೆ.
ಇದು ರಬ್ಬರಿನ ಗುಳ್ಳೆ, ಅದುಮಿದರೆ ಇಲಿ.
ಹತ್ತಿರ ಬಂದು ಅನುಮಾನಪಟ್ಟು ನಿಂತ ನರಿಗೆ
ಕೊನೆಯ ಮೂವತ್ತು ಹೆಜ್ಜೆಗೆ.

ಇಲಿಯನ್ನು ನಾನು ಕೇಳಿ ಹನ್ನೊಂದು ವರ್ಷವಾಯಿತು.
ಕಿವಿಯ ಮೇಲಿನ ಮೆಟ್ಟಿಲುಗಳನ್ನೆಲ್ಲ ಬಂದೂಕು ಕಿತ್ತುಹಾಕಿದೆ.
ಅದುಮುತ್ತೇನೆ; ಒಲೆಯ ಬಳಿ ಮಲಗಿದ ಬಿಡ್ಡಿಯ ಕಿವಿ ನೋಡುತ್ತೇನೆ.
ಎದ್ದರೆ ಮಾಲು ಸರಿ. ಏಳದಿದ್ದರೆ ವಾಪಸು ಸಿಡ್ನಿಗೆ.
ನಾಯಿಯ ಕಿವಿ ಎರವಲು ತಂದು ವ್ಯಾಪಾರ.

ನರಿಯ ಕೂಗು ಗಿರಿ ಮುಟ್ಟಬೇಕಿಲ್ಲ ಇಲ್ಲಿ,
ಗಿರಿಯ ಕೂಗು ನರಿಯನ್ನು ಮುಟ್ಟಿದರೆ ಸಾಕು.
"ಯಾವುದು ಒಳ್ಳೆಯದು?"
ಯಾರ ಸಾವು ನಿನ್ನ ಬಾಯಿಗೆ ಹೊಂದುತ್ತದೋ ಅದು.
ಹಾಗೆ ಅನ್ನುವುದಿಲ್ಲ. "ನಿಮ್ಮ ಕಡೆ ಗಾಳಿ ಹೇಗಿದೆ?" ಅನ್ನುತ್ತೇನೆ.

ಲೈಲ್ ಮರದ್ದನ್ನೆತ್ತಿ ತೋಳಿಗೆ ಒರೆಸಿ ಊದಿದ.
ಮೊದಲು ಬರೀ ಗೊರಕೆ. ಆಮೇಲೆ ಸಿಕ್ಕಿತು:
ವ್ಯಾಆ, ವ್ಯಾಆ,
ಉಸಿರು ತೀರುತ್ತ ಹೋಗಿ, ತೀರದೆ, ಮತ್ತೆ.
ಔಷಧಿಯ ಕಪಾಟಿನ ಹತ್ತಿರ ಬ್ರಿಯೋನಿ ಟಲಕ್
ಕೈಲಿದ್ದ ಡಬ್ಬ ಕೆಳಗಿಟ್ಟಳು.
ಹೆರಿಗೆಯಾಗಿ ಐದು ವಾರ. ಕೂಸು ಅತ್ತೆಯ ಹತ್ತಿರ,
ಇಪ್ಪತ್ತು ಕಿಲೋಮೀಟರ್ ಆಚೆ.
ಅಂಗಿಯ ಎದೆಯಲ್ಲಿ ಎರಡು ಒದ್ದೆ ಕಲೆ,
ನಾಣ್ಯದಷ್ಟು, ನೋಡುತ್ತಿದ್ದಂತೆ ಬಟ್ಟಲಿನಷ್ಟು.
ಸೀಟಿ ಅವಳನ್ನು ಕರೆದಿತ್ತು,
ಆ ಪದದ ಎರಡೂ ಅರ್ಥದಲ್ಲಿ.
ನಾವಿಬ್ಬರೂ ಮೊಳೆಗಳನ್ನು ನೋಡಿದೆವು.
ಅವಳೇ ಕೋಟಿನ ಗುಂಡಿ ಹಾಕಿಕೊಂಡು ನಕ್ಕಳು:
"ಅದನ್ನೇ ತಗೋ ಲೈಲ್. ಕೆಲಸ ಮಾಡತ್ತೆ."

ಅವಳು ಹೋದ ಮೇಲೆ ಲೈಲ್ ಮೇಜಿಗೆ ಬಾಗಿದ:
"ನರಿಮರಿಯದು ಒಂದಿದೆಯಂತಲ್ಲ?
ತಾಯಿ ಗಾಳಿ ಕೂಡ ಮೂಸದೆ ಓಡಿಬರತ್ತಂತೆ."

ಇದೆ. ಕೆಳಗಿನ ಖಾನೆಯಲ್ಲಿ, ರಸೀದಿ ಪುಸ್ತಕಗಳ ಅಡಿ.
ಒಂದೇ ಸಲ ಊದಿದ್ದೇನೆ, ಒಂದು ನವೆಂಬರ್ ಸಂಜೆ.
ಹಸಿದ ನರಿ ಸುತ್ತಿ ಬಳಸಿ ಬರುತ್ತದೆ, ಲೆಕ್ಕ ಹಾಕುತ್ತ.
ಇದು ನೆಟ್ಟಗೆ ಬಂತು.
ಮೊಣಕಾಲಿಗೆ ಎರಡು ಗಜ ದೂರ ನಿಂತು
ನನ್ನ ಮುಖದಲ್ಲಿ ಹುಡುಕಿತು.
ಬಂದೂಕು ಎತ್ತುವಷ್ಟು ಜಾಗವಿರಲಿಲ್ಲ
ಎಂದು ಮನೆಯಲ್ಲಿ ಹೇಳಿದೆ.

"ಖಾಲಿಯಾಗಿದೆ," ಎಂದೆ.
ಏಳು ಮರಿ ಕಳಕೊಂಡವನಿಗೆ, ಮುಖ ನೋಡಿ, ಸುಳ್ಳು.
ನಾಳೆ ಎಂಟಾದರೆ ಎಂಟನೆಯದು ನನ್ನ ಲೆಕ್ಕಕ್ಕೆ.
ಎರಡು ಡಾಲರ್ ಇಳಿಸಿ ಮರದ್ದನ್ನು ಕಟ್ಟಿಕೊಟ್ಟೆ.

ಈಗ ಹೊರಗೆ, ಟ್ರಕ್ಕಿನ ಗಾಜು ಏರಿಸಿಕೊಂಡು
ಅಭ್ಯಾಸ ಮಾಡುತ್ತಿದ್ದಾನೆ. ನನಗೇನೂ ಕೇಳುವುದಿಲ್ಲ.
ಅವನ ಕೆನ್ನೆ ಉಬ್ಬುತ್ತದೆ, ಗಾಜು ಮಂಜಾಗುತ್ತದೆ.
ಒಲೆಯ ಬಳಿ ಬಿಡ್ಡಿಯ ಕಿವಿ ಎದ್ದಿದೆ.
ಮಾಲು ಸರಿ.